ಕೊಡಲಿ ಕಟ್ಟಿದ ಊರು

1714ರ ಅಕ್ಟೋಬರಿನಲ್ಲಿ ರಷ್ಯದ ತ್ಸಾರ್ ಮೊದಲನೆಯ ಪೀಟರ್ ಒಂದು ಫರ್ಮಾನು ಹೊರಡಿಸಿದ. ಸೇಂಟ್ ಪೀಟರ್ಸ್‌ಬರ್ಗ್ ಒಂದನ್ನು ಬಿಟ್ಟು ದೇಶದಲ್ಲಿ ಬೇರೆಲ್ಲೂ ಕಲ್ಲಿನ ಕಟ್ಟಡ ಏಳಕೂಡದು, ಎದ್ದರೆ ಕಟ್ಟಿಸಿದವನ ಆಸ್ತಿ ಜಪ್ತಿ, ಮೇಲೆ ಗಡೀಪಾರು. ಜೌಗು ನೆಲದ ಮೇಲೆ ಹೊಸ ರಾಜಧಾನಿ ಕಟ್ಟುತ್ತಿದ್ದವನಿಗೆ ಗಾರೆ ಕೆಲಸದವರೂ ಕಲ್ಲುಕುಟಿಗರೂ ಸಾಲುತ್ತಿರಲಿಲ್ಲ. ದೇಶದ ಮೂಲೆಮೂಲೆಯಲ್ಲಿ ಇದ್ದವರನ್ನೆಲ್ಲ ಒಂದೇ ಊರಿಗೆ ಎಳೆದು ತರಲು ಅವನು ಹೂಡಿದ ಉಪಾಯ ಇದು.

ಓನೆಗಾ ಸರೋವರದ ಕಿಝಿ ಎಂಬ ಕಿರುದ್ವೀಪದ ರೈತರಿಗೆ ಈ ಫರ್ಮಾನಿನಿಂದ ಏನೂ ನಷ್ಟವಾಗಲಿಲ್ಲ. ಅವರು ಕಲ್ಲಿನಲ್ಲಿ ಕಟ್ಟುವವರೇ ಅಲ್ಲ. ಅಲ್ಲಿನ ಹಳೆಯ ಚರ್ಚು ಸಿಡಿಲು ಬಡಿದು ಸುಟ್ಟುಹೋಗಿತ್ತು. ಅದರ ಜಾಗದಲ್ಲಿ ಅದೇ 1714ರಲ್ಲಿ ಅವರು 22 ಗುಮ್ಮಟಗಳ, 37 ಮೀಟರ್ ಎತ್ತರದ ಹೊಸ ಚರ್ಚೊಂದನ್ನು ಎತ್ತಿದರು. ಗೋಡೆಯಿಂದ ಹಿಡಿದು ನೆತ್ತಿಯ ಶಿಲುಬೆಯವರೆಗೆ ಮರ. ಯುರೋಪಿನ ಎರಡನೆಯ ಅತಿ ದೊಡ್ಡ ಸರೋವರದಲ್ಲಿ, ಉದ್ದಕ್ಕೆ ಆರೇಳು ಕಿಲೋಮೀಟರ್, ಅಗಲಕ್ಕೆ ಒಂದು ಕಿಲೋಮೀಟರ್ ಇರುವ ನೆಲದ ತುಂಡಿನ ಮೇಲೆ ಅದು ಇವತ್ತಿಗೂ ನಿಂತಿದೆ.

ಕಿಝಿಗೆ ಹೋದವರಿಗೆಲ್ಲ ಗೈಡುಗಳು ಒಂದು ಕಥೆ ಹೇಳುತ್ತಾರೆ. ನೆಸ್ಟರ್ ಎಂಬ ಬಡಗಿ ಒಬ್ಬನೇ, ಒಂದೇ ಕೊಡಲಿ ಹಿಡಿದು, ಒಂದೇ ಒಂದು ಮೊಳೆ ಹೊಡೆಯದೆ ಇದನ್ನು ಕಟ್ಟಿದನಂತೆ. ಕೆಲಸ ಮುಗಿದ ದಿನ, ಇಂಥದ್ದು ಹಿಂದೆ ಆಗಿರಲಿಲ್ಲ, ಮುಂದೆ ಆಗುವುದೂ ಇಲ್ಲ ಎಂದು ಕೊಡಲಿಯನ್ನು ಸರೋವರಕ್ಕೆ ಎಸೆದುಬಿಟ್ಟನಂತೆ. ಕೇಳಲು ಸೊಗಸಾಗಿದೆ, ನಿಜವಲ್ಲ. ಗುಮ್ಮಟಗಳಿಗೆ ಹೊದಿಸಿದ ಸುಮಾರು 30,000 ಮರದ ಹೆಂಚುಗಳನ್ನು ಮೊಳೆ ಹೊಡೆದೇ ಕೂರಿಸಿದ್ದಾರೆ. ಇನ್ನು ಒಬ್ಬನೇ ಚರ್ಚು ಕಟ್ಟುವುದು ರಷ್ಯದ ಉತ್ತರ ಸೀಮೆಯ ರೂಢಿಯೇ ಅಲ್ಲ. ಅಲ್ಲಿ ಬಡಗಿಗಳು ತಂಡ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಆ ತಂಡಕ್ಕೆ ‘ಅರ್ತೆಲ್’ ಎಂದು ಹೆಸರು. ಗ್ರಾಮಸ್ಥರು ಸಭೆ ಸೇರಿ ಅರ್ತೆಲಿನ ಜೊತೆ ಕರಾರು ಬರೆದುಕೊಳ್ಳುತ್ತಿದ್ದರು: ಯಾವ ಊರಿನ ಯಾವ ಚರ್ಚಿನ ಮಾದರಿ, ಅಡಿಪಾಯ ಎಷ್ಟು ಸಾಝೆನ್ (ಒಂದು ಸಾಝೆನ್ ಎಂದರೆ ಎರಡು ಮೀಟರಿಗಿಂತ ತುಸು ಹೆಚ್ಚು), ದುಡ್ಡೆಷ್ಟು, ಕಾಳೆಷ್ಟು. ಉಳಿದುಬಂದಿರುವ ಇಂಥ ಹಳೆಯ ಕರಾರುಗಳಲ್ಲಿ ಒಂದು ಅಂಶ ಓದಿದವರ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಎತ್ತರ ಎಷ್ಟು ಎಂಬಲ್ಲಿ ಅಂಕಿ ಇಲ್ಲ. ಅಳತೆಯೂ ಚೆಲುವೂ ಕೇಳಿದಷ್ಟು ಎತ್ತರ ಎಂದಷ್ಟೇ ಬರೆದು ಮಿಕ್ಕಿದ್ದನ್ನು ಬಡಗಿಯ ಕಣ್ಣಿಗೆ ಬಿಟ್ಟಿರುತ್ತಾರೆ. ಇವತ್ತಿನ ಯಾವ ಇಂಜಿನಿಯರಿಂಗ್ ಇಲಾಖೆಯೂ ಇಂಥ ಟೆಂಡರಿಗೆ ಸಹಿ ಹಾಕಲಾರದು.

ನೆಸ್ಟರನ ಕಥೆ ನನಗೆ ಇಷ್ಟವಾಗದಿರುವುದು ಅದು ಸುಳ್ಳು ಎಂಬ ಕಾರಣಕ್ಕಲ್ಲ. ಒಂದು ಇಡೀ ಸೀಮೆಯ ಕೈಕೆಲಸವನ್ನು ಅದು ಒಬ್ಬ ಮಾಯಾವಿಯ ಹೆಸರಿಗೆ ಬರೆದುಕೊಡುತ್ತದೆ. ಆ ಸೀಮೆಯಲ್ಲಿ ಹೆಚ್ಚುಕಮ್ಮಿ ಪ್ರತಿ ಗಂಡಸಿಗೂ ಮರಗೆಲಸ ಬರುತ್ತಿತ್ತು. ಚರ್ಚು ಕಟ್ಟಿದ ವಿದ್ಯೆಯೂ ದನದ ಕೊಟ್ಟಿಗೆ ಕಟ್ಟಿದ ವಿದ್ಯೆಯೂ ಒಂದೇ.

ಆ ವಿದ್ಯೆ ಮರ ಆರಿಸುವಲ್ಲಿಂದಲೇ ಶುರು. ಉತ್ತರದ ಕೊರೆಯುವ ಚಳಿಯಲ್ಲಿ ನಿಧಾನಕ್ಕೆ ಬೆಳೆದ ಪೈನ್ ಮರದ ಉಂಗುರಗಳು ಒತ್ತೊತ್ತಾಗಿರುತ್ತವೆ, ಮೈತುಂಬ ಅಂಟು ಇರುತ್ತದೆ, ಬೇಗ ಕೊಳೆಯುವುದಿಲ್ಲ. ರಸ ಇಳಿದ ಮೇಲೆ, ಅಂದರೆ ಚಳಿಗಾಲದಲ್ಲಿ ಕಡಿದು, ಹಿಮದ ಮೇಲೆ ಜಾರುಬಂಡಿಗೆ ಹೇರಿ ಕುದುರೆಯಿಂದ ಎಳೆಸುತ್ತಿದ್ದರು. ಬೇಸಿಗೆಯಲ್ಲಿ ಆ ಕಾಡೆಲ್ಲ ಕೆಸರು, ದಿಮ್ಮಿ ಅಲುಗಿಸಲೂ ಆಗದು. ಗರಗಸ ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಬೇಕೆಂದೇ ದೂರ ಇಟ್ಟಿದ್ದರು. ಗರಗಸ ಮರದ ನಾರನ್ನು ಹರಿದು ಬಾಯಿ ತೆರೆಸುತ್ತದೆ, ಆ ಬಾಯಿಂದ ನೀರು ಒಳಗಿಳಿಯುತ್ತದೆ. ಕೊಡಲಿ ಏಟು ನಾರನ್ನು ಅದುಮಿ ಮುಚ್ಚುತ್ತದೆ. ಮಳೆಗೂ ಹಿಮಕ್ಕೂ ಸಿಕ್ಕುವ ದಿಮ್ಮಿಯ ತುದಿಗೆ ಈ ಒಂದು ವ್ಯತ್ಯಾಸದಿಂದ ಹತ್ತಾರು ವರ್ಷದ ಆಯುಸ್ಸು ಹೆಚ್ಚುತ್ತದೆ.

ದಿಮ್ಮಿಗಳನ್ನು ಮಲಗಿಸಿ, ನಾಲ್ಕು ಮೂಲೆಯಲ್ಲೂ ಕಚ್ಚು ತೆಗೆದು, ಒಂದರ ಮೇಲೊಂದು ಸುತ್ತುಸುತ್ತಾಗಿ ಏರಿಸುತ್ತಾರೆ. ಒಳ್ಳೆಯ ಬಡಗಿ ಕಚ್ಚನ್ನೂ ಉದ್ದದ ಕಾಲುವೆಯನ್ನೂ ಮೇಲಿನ ದಿಮ್ಮಿಯ ಹೊಟ್ಟೆಯಲ್ಲಿ ತೆಗೆಯುತ್ತಾನೆ, ಕೆಳಗಿನದರ ಬೆನ್ನಿನಲ್ಲಲ್ಲ. ಬೆನ್ನಿನಲ್ಲಿ ತೆಗೆದರೆ ಮಳೆನೀರು ಅಲ್ಲೇ ನಿಂತು ಕೊಳೆಸುತ್ತದೆ. ಎರಡು ದಿಮ್ಮಿಗಳ ನಡುವೆ ಒಣ ಪಾಚಿ ತುಂಬಿ ಅದುಮುತ್ತಾರೆ. ಮನೆ ಒಣಗುತ್ತ ಒಣಗುತ್ತ ಒಂದೆರಡು ವರ್ಷದಲ್ಲಿ ಕೆಳಕ್ಕೆ ಕೂರುತ್ತದೆ, ಆಗ ಪಾಚಿ ಬಿಗಿಯಾಗಿ ಗಾಳಿ ತೂರದಂತಾಗುತ್ತದೆ. ಹೀಗೆ ಕೂರುವುದು ಗೊತ್ತಿದ್ದೇ ಕಿಟಕಿಯ ಚೌಕಟ್ಟಿನ ಮೇಲೆ ಮೊದಲೇ ಸಂದು ಬಿಟ್ಟಿರುತ್ತಾರೆ.

ಈ ಪದ್ಧತಿಗೆ ಒಂದು ಮಿತಿ ಉಂಟು. ಗೋಡೆಯ ಉದ್ದ ದಿಮ್ಮಿಯ ಉದ್ದವನ್ನು ಮೀರುವಂತಿಲ್ಲ. ಮನೆಗೆ ಆರೇಳು ಮೀಟರ್ ಸಾಕು, ನೂರಾರು ಜನ ನಿಲ್ಲಬೇಕಾದ ಚರ್ಚಿಗೆ ಸಾಲದು. ಅದೇ ಅಳತೆಯ ದಿಮ್ಮಿಯನ್ನು ನಾಲ್ಕು ಬದಲು ಎಂಟು ಮೂಲೆಗೆ ಸುತ್ತಿಸಿದರೆ ಒಳಗಿನ ಜಾಗ ಹಲವು ಪಟ್ಟು ಹೆಚ್ಚುತ್ತದೆ. ಕಿಝಿಯಲ್ಲಿ ಇಂಥ ಮೂರು ಅಷ್ಟಕೋನಗಳನ್ನು, ದೊಡ್ಡದರ ಮೇಲೆ ಚಿಕ್ಕದರಂತೆ ಕೂರಿಸಿದ್ದಾರೆ. ಕೆಳಗಿನದಕ್ಕೆ ನಾಲ್ಕು ದಿಕ್ಕಿಗೂ ಒಂದೊಂದು ತೋಳು. ನೋಡಲು ಅಲಂಕಾರದಂತಿರುವ ಆ ತೋಳುಗಳು ಮೇಲಿನ ಭಾರಕ್ಕೆ ಆನಿಕೆ ಕೊಟ್ಟು ನಿಂತಿವೆ. ಗುಮ್ಮಟಗಳ ಹೆಂಚು ಆಸ್ಪನ್ ಮರದ್ದು. ಹೊಸದರಲ್ಲಿ ಅದರ ಬಣ್ಣ ಜೇನಿನಂತೆ, ಕೆಲವು ಮಳೆಗಾಲ ಕಳೆದರೆ ಬೆಳ್ಳಿ. ಆಕಾಶ ಕೆಂಪಾದರೆ ಗುಮ್ಮಟವೂ ಕೆಂಪು, ಮೋಡ ಕವಿದರೆ ಸೀಸದ ಬಣ್ಣ. ಅಷ್ಟು ಗುಮ್ಮಟಗಳ ಸಂದಿಯಲ್ಲಿ ಸೋರಿದ ನೀರಿಗೆ ಒಳಗೇ ಇನ್ನೊಂದು ಮಾಡು, ಹರಿದುಹೋಗಲು ದೋಣಿ. ನೋಡುವವರ ಕಣ್ಣಿಗೆ ಬೀಳದ ಈ ಒಳಮಾಡಿನ ಮೇಲೆ ಬಡಗಿಗಳು ತೆಗೆದುಕೊಂಡ ಶ್ರಮವೇ ನನಗೆ 22 ಗುಮ್ಮಟಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಹೀಗೆ ಕಚ್ಚಿನಿಂದ ಕಚ್ಚಿಗೆ ಕೂಡಿಸಿದ ಕಟ್ಟಡವನ್ನು ಬಿಚ್ಚಲೂಬಹುದು. ರಷ್ಯದ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ತಾತಾರರ ಕಝಾನ್ ಮೇಲೆ ದಂಡೆತ್ತಿ ಹೋಗಲು ತ್ಸಾರ್ ನಾಲ್ಕನೆಯ ಇವಾನನಿಗೆ ಶತ್ರುಗಳ ಎದುರಿಗೇ ಒಂದು ಕೋಟೆ ಬೇಕಿತ್ತು. ಇವಾನ್ ವಿರೊದ್ಕೊವ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ದೂರದ ಉಗ್ಲಿಚ್ ಕಾಡುಗಳಲ್ಲಿ ಇಡೀ ಕೋಟೆಯನ್ನು ಕಡಿದು, ಜೋಡಿಸಿ ನೋಡಿ, ದಿಮ್ಮಿಗಳಿಗೆ ಗುರುತು ಹಾಕಿ, ಬಿಚ್ಚಿ, 1551ರ ವಸಂತದಲ್ಲಿ ವೋಲ್ಗಾ ನದಿಯಲ್ಲಿ ತೇಲಿಬಿಟ್ಟರು. ಸ್ವಿಯಾಝ್ಸ್ಕ್ ಎಂಬಲ್ಲಿ ನಾಲ್ಕು ವಾರದಲ್ಲಿ ಕೋಟೆ ಎದ್ದು ನಿಂತಿತು. ಮರುವರ್ಷ ಕಝಾನ್ ಬಿತ್ತು. ಹದಿನೇಳನೆಯ ಶತಮಾನದಲ್ಲಿ ಮಾಸ್ಕೋಗೆ ಬಂದಿದ್ದ ಜರ್ಮನ್ ಯಾತ್ರಿಕ ಆಡಮ್ ಒಲೆಯಾರಿಯಸ್ ಅಲ್ಲಿ ಮನೆಗಳ ಸಂತೆಯನ್ನೇ ಕಂಡು ಬೆರಗಾಗಿದ್ದಾನೆ. ಬೆಂಕಿಗೆ ಮನೆ ಕಳೆದುಕೊಂಡವನು ಸಂತೆಗೆ ಹೋಗಿ, ಚೌಕಾಸಿ ಮಾಡಿ, ಬಿಚ್ಚಿಟ್ಟ ಸಿದ್ಧ ಮನೆಯೊಂದನ್ನು ಕೊಂಡು, ಸಾಗಿಸಿ, ಜೋಡಿಸಿಕೊಳ್ಳುತ್ತಿದ್ದ. ಮರದ ಊರಿನಲ್ಲಿ ಬೆಂಕಿ ಬರುವ ನೆಂಟನೇ ಆದ್ದರಿಂದ ಈ ವ್ಯಾಪಾರಕ್ಕೆ ಎಂದೂ ಬರವಿರಲಿಲ್ಲ.

ಇನ್ನು ಹಳ್ಳಿಯ ಮನೆಗೆ ಬರೋಣ. ಕಿಝಿಯಲ್ಲಿ ಈಗ ಪ್ರವಾಸಿಗಳು ಒಳಹೊಕ್ಕು ನೋಡುವ ಒಶೆವ್ನೆವ್ ಮನೆತನದ ಮನೆ 1876ರಲ್ಲಿ ಪಕ್ಕದ ದ್ವೀಪದ ಹಳ್ಳಿಯಲ್ಲಿ ಕಟ್ಟಿದ್ದು. ಎದುರಿನಿಂದ ನೋಡಿದರೆ ಮಾಡು ಸೊಟ್ಟಗಿದೆ, ಒಂದು ಪಕ್ಕ ಗಿಡ್ಡ, ಇನ್ನೊಂದು ಪಕ್ಕ ಉದ್ದಕ್ಕೆ ಇಳಿದಿದೆ. ಕಾರಣ ಇಷ್ಟೇ, ಒಂದೇ ಮಾಡಿನ ಕೆಳಗೆ ಒಂದು ಕಡೆ ಜನ, ಇನ್ನೊಂದು ಕಡೆ ದನ. ಕೊಟ್ಟಿಗೆ ನೆಲಮಟ್ಟದಲ್ಲಿ, ಅದರ ಮೇಲೆ ಹುಲ್ಲಿನ ಅಟ್ಟ. ಅಟ್ಟಕ್ಕೆ ಹೊರಗಿನಿಂದ ದಿಮ್ಮಿಗಳ ಇಳಿಜಾರು ದಾರಿ. ಹುಲ್ಲಿನ ಗಾಡಿಯನ್ನು ಕುದುರೆಯ ಸಮೇತ ನೇರ ಮಹಡಿಗೇ ಹೊಡೆದುಕೊಂಡು ಹೋಗುತ್ತಿದ್ದರು. ಅಟ್ಟದ ನೆಲದ ಕಿಂಡಿಯಿಂದ ಹುಲ್ಲು ತಳ್ಳಿದರೆ ಕೆಳಗೆ ಹಸುವಿನ ಮುಂದೆ ಬೀಳುತ್ತದೆ. ಮೊಣಕಾಲುದ್ದ ಹಿಮ, ಮಧ್ಯಾಹ್ನಕ್ಕೇ ಕವಿಯುವ ಕತ್ತಲು. ಹಾಲು ಕರೆಯುವ ಹೆಂಗಸು ತಿಂಗಳುಗಟ್ಟಲೆ ಅಂಗಳಕ್ಕೆ ಕಾಲಿಡದೆ ಕೆಲಸ ಮುಗಿಸಬಹುದಿತ್ತು.

ವಾಸದ ಕೋಣೆಗೆ ‘ಇಝ್ಬಾ’ ಎನ್ನುತ್ತಾರೆ. ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಒಲೆ. ಒಲೆ ಎಂದರೆ ನಮ್ಮ ಒಲೆಯಲ್ಲ, ಕೋಣೆಯ ನಾಲ್ಕನೆಯ ಒಂದು ಪಾಲನ್ನೇ ನುಂಗಿ ಕೂತ ಮಣ್ಣು ಇಟ್ಟಿಗೆಯ ಕಟ್ಟೆ. ಬೆಳಗ್ಗೆ ಒಮ್ಮೆ ಉರಿ ಹಾಕಿದರೆ ದಿನವಿಡೀ ಬಿಸಿ. ರೊಟ್ಟಿ ಸುಡುವುದು, ಎಲೆಕೋಸಿನ ಸಾರು ಕುದಿಯುವುದು, ಅಣಬೆ ಒಣಗುವುದು, ಒದ್ದೆ ಬೂಟು ಆರುವುದು, ಅಜ್ಜ ಅಜ್ಜಿ ಮಲಗುವುದು ಎಲ್ಲ ಅದರ ಮೇಲೆ ಇಲ್ಲವೇ ಅದರ ಒಳಗೆ. ಒಲೆಯ ಮೇಲಿನ ಜಾಗ ಮನೆಯ ಹಿರಿಯರದು. ಮಕ್ಕಳಿಗೆ ಸೂರಿನ ಕೆಳಗೆ ಅಟ್ಟಣೆ. ಒಲೆಗೆ ಎದುರುಬದುರಾದ ಮೂಲೆ ದೇವರದು, ಐಕಾನುಗಳನ್ನು ಇಡುವ ಜಾಗ. ಬಂದವರು ಮನೆಯವರಿಗೆ ನಮಸ್ಕಾರ ಹೇಳುವ ಮುಂಚೆ ಆ ಮೂಲೆಗೆ ತಿರುಗಿ ಶಿಲುಬೆಯ ಗುರುತು ಮಾಡಬೇಕು. ಊಟದ ಮೇಜೂ ಅಲ್ಲೇ, ಮದುವೆಯ ಹೆಣ್ಣು ಗಂಡು ಕೂರುವುದೂ ಅಲ್ಲೇ, ಹೆಣವನ್ನು ಮಲಗಿಸುವುದೂ ಅಲ್ಲೇ.

ತೀರ ಈಚಿನವರೆಗೆ ಎಷ್ಟೋ ಮನೆಗಳ ಒಲೆಗೆ ಹೊಗೆಗೂಡು ಇರಲಿಲ್ಲ. ಹೊಗೆ ಕೋಣೆಗೇ ಬಂದು, ಎತ್ತರದ ಸೂರಿನ ಕೆಳಗೆ ಪದರವಾಗಿ ತೇಲಿ, ಗೋಡೆಯ ಮೇಲ್ಭಾಗದ ಕಿಂಡಿಯಿಂದಲೋ ಮಾಡಿನ ಮರದ ಕೊಳವೆಯಿಂದಲೋ ಹೊರಹೋಗುತ್ತಿತ್ತು. ಗೋಡೆಯ ನಡುಮಟ್ಟದಲ್ಲಿ ಸುತ್ತಲೂ ಅಗಲವಾದ ಹಲಗೆಗಳು, ಮೇಲಿನಿಂದ ಉದುರುವ ಮಸಿ ಅದರ ಮೇಲೆ ಬೀಳಬೇಕು. ಹಲಗೆಯ ಮೇಲಕ್ಕೆ ಡಾಂಬರಿನಂಥ ಕಪ್ಪು, ಕೆಳಕ್ಕೆ ಹೆಂಗಸರು ಮರಳು ಹಾಕಿ ತಿಕ್ಕಿ ಬೆಳ್ಳಗಿಟ್ಟ ಗೋಡೆ. ಪಟ್ಟಣದಿಂದ ಬಂದವರು ಇದನ್ನು ಕಂಡು ಮೂಗು ಮುರಿದು ಕೊಳಕು ಎಂದು ಬರೆದರು. ಆದರೆ ಹೊಗೆಯಿಂದ ಮರ ಒಣಗಿರುತ್ತಿತ್ತು, ಹುಳ ಸೇರುತ್ತಿರಲಿಲ್ಲ, ಗೋಡೆ ಕೊಳೆಯುತ್ತಿರಲಿಲ್ಲ. ಕಣ್ಣಿನ ಕಾಯಿಲೆ ಮಾತ್ರ ಮನೆಮಂದಿಯ ಪಾಲಿಗೆ ಬಂತು. ಹೊಗೆಯ ಮನೆಯ ಗುಣಗಾನ ಮಾಡುವ ಇವತ್ತಿನ ಕೆಲವರು ಈ ಕೊನೆಯ ಮಾತನ್ನು ಹೇಳುವುದಿಲ್ಲ.

ಚಳಿಗಾಲದ ಸಂಜೆಗೆ ದೀಪವೆಂದರೆ ಬರ್ಚ್ ಮರದ ಸೀಳು. ಮೊಳದುದ್ದದ ತೆಳ್ಳಗಿನ ಸೀಳನ್ನು ಕಬ್ಬಿಣದ ಚಿಮುಟಕ್ಕೆ ಓರೆಯಾಗಿ ಸಿಕ್ಕಿಸಿ ಹೊತ್ತಿಸುತ್ತಾರೆ, ಕೆಂಡ ಬೀಳಲು ಕೆಳಗೊಂದು ನೀರಿನ ತೊಟ್ಟಿ. ಒಂದು ಸೀಳು ಕೆಲವೇ ನಿಮಿಷಕ್ಕೆ ಉರಿದು ಮುಗಿಯುತ್ತದೆ, ಮುಗಿಯುವ ಮೊದಲೇ ಇನ್ನೊಂದಕ್ಕೆ ಹತ್ತಿಸಬೇಕು. ಸಾಮಾನ್ಯವಾಗಿ ಇದು ಮಕ್ಕಳ ಕೆಲಸ, ತೂಕಡಿಸಿದರೆ ಬೈಗುಳ. ಆ ಬೆಳಕಿನಲ್ಲೇ ಹೆಂಗಸರು ಅಗಸೆ ನಾರು ನೂಲುತ್ತಿದ್ದರು, ಗಂಡಸರು ಬಲೆ ಹೆಣೆಯುತ್ತಿದ್ದರು. ಹರೆಯದ ಹುಡುಗಿಯರು ಒಂದು ಮನೆಯಲ್ಲಿ ಒಟ್ಟಾಗಿ ನೂಲಲು ಕೂರುತ್ತಿದ್ದರು. ಹುಡುಗರು ಅಲ್ಲಿಗೆ ಬರುವುದು, ಹಾಡು, ಕುಣಿತ, ಕೊನೆಗೆ ಮದುವೆಯ ಮಾತು. ನೂಲು ಎಷ್ಟು ಆಯಿತೆಂದು ಮರುದಿನ ತಾಯಂದಿರು ನೋಡುತ್ತಿದ್ದರು.

ಹೊಸ ಮನೆಯ ಮೊದಲ ಸುತ್ತಿನ ಮೂಲೆಗಳ ಕೆಳಗೆ ಕಾಸು, ಉಣ್ಣೆ, ಧೂಪ ಇಡುವುದಿತ್ತು. ಕಾಸು ಸಿರಿಗೆ, ಉಣ್ಣೆ ಬೆಚ್ಚಗಿರಲು, ಧೂಪ ದೇವರಿಗೆ. ಗೃಹಪ್ರವೇಶಕ್ಕೆ ಮೊದಲು ಒಳಗೆ ಬಿಡುವುದು ಬೆಕ್ಕನ್ನೋ ಹುಂಜವನ್ನೋ. ಹಳೆಯ ಮನೆಯ ಒಲೆಯ ಹಿಂದೆ ವಾಸವಾಗಿರುವ ಮನೆದೈವ ದೊಮೊವೊಯ್. ಅವನನ್ನು ‘ಅಜ್ಜ’ ಎಂದೇ ಕರೆದು, ಹಳೆಯ ಒಲೆಯ ಕೆಂಡದ ಮಡಕೆಯಲ್ಲೋ ಸವೆದ ಚಪ್ಪಲಿಯಲ್ಲೋ ಕೂರಿಸಿಕೊಂಡು ಕರೆತರಬೇಕು. ಬಿಟ್ಟುಬಂದರೆ ಅವನು ಪಾಳು ಮನೆಯಲ್ಲಿ ರಾತ್ರಿಯೆಲ್ಲ ಅಳುತ್ತಾನೆ. ಮಾಡಿನ ನೆತ್ತಿಯ ದಪ್ಪ ದಿಮ್ಮಿಯ ತುದಿಯನ್ನು ಕುದುರೆಯ ತಲೆಯಾಗಿ ಕಡೆಯುತ್ತಿದ್ದರು, ಬೇರಿನ ಸಮೇತ ಕಿತ್ತ ಸ್ಪ್ರೂಸ್ ಮರದ ಕೊಕ್ಕೆಗಳಿಗೆ ಕೋಳಿ ಎಂದು ಹೆಸರಿಟ್ಟು ಹೆಂಚು ಹಲಗೆಗಳ ಭಾರವನ್ನು ಅವುಗಳಿಗೆ ಹೊರಿಸುತ್ತಿದ್ದರು. ಸೋವಿಯತ್ ಕಾಲದಲ್ಲಿ ಕನ್ನಡಕ್ಕೆ ಬಂದ ರಷ್ಯನ್ ಮಕ್ಕಳ ಕಥೆಗಳನ್ನು ಓದಿ ಬೆಳೆದವರಿಗೆ ಮಾಟಗಾತಿ ಬಾಬಾ ಯಾಗಾಳ ಕೋಳಿಕಾಲಿನ ಗುಡಿಸಲು ನೆನಪಿರಬಹುದು. ಆ ಕಥೆಗಳಿಗೆ ಮರೆಯಲಾಗದ ಚಿತ್ರ ಬರೆದ ಇವಾನ್ ಬಿಲಿಬಿನ್ 1902ರಿಂದ 1904ರವರೆಗೆ ಇದೇ ಉತ್ತರದ ಹಳ್ಳಿಗಳಲ್ಲಿ ಕ್ಯಾಮೆರಾ ಹಿಡಿದು ತಿರುಗಿದವನು.

ಅವನಿಗಿಂತ ಮೊದಲು, 1889ರಲ್ಲಿ, ರೈತರ ಕಟ್ಟಳೆಗಳನ್ನು ಅಭ್ಯಾಸ ಮಾಡಲು ವೊಲೊಗ್ದಾ ಪ್ರಾಂತಕ್ಕೆ ಬಂದ ಕಾನೂನು ವಿದ್ಯಾರ್ಥಿಯೊಬ್ಬ ಇಂಥ ಮನೆಯೊಂದರ ಹೊಸಿಲಲ್ಲಿ ಬೆಪ್ಪಾಗಿ ನಿಂತ. ಮೇಜು, ಪೆಟ್ಟಿಗೆ, ಕಪಾಟು ಎಲ್ಲದರ ಮೇಲೂ ಬಣ್ಣದ ಚಿತ್ತಾರ. ಚಿತ್ರವೊಂದರ ಒಳಕ್ಕೇ ನಡೆದುಬಂದಂತೆ ಆಯಿತೆಂದು ಅವನು ಎಷ್ಟೋ ವರ್ಷಗಳ ಮೇಲೆ ಬರೆದುಕೊಂಡ. ಆ ಹುಡುಗ ವಾಸಿಲಿ ಕಂಡಿನ್ಸ್ಕಿ, ಮುಂದೆ ಅಮೂರ್ತ ಚಿತ್ರಕಲೆಯ ಆದ್ಯರಲ್ಲಿ ಒಬ್ಬ.

ಇಷ್ಟೆಲ್ಲ ಹೇಳುವಾಗ ಓನೆಗಾ ಸೀಮೆಯ ರೈತ ನೆಮ್ಮದಿಯಾಗಿದ್ದ ಎಂಬ ಭಾವನೆ ಬರಬಾರದು. ಮಧ್ಯ ರಷ್ಯದಲ್ಲಿದ್ದಂತೆ ಜಮೀನ್ದಾರನ ಜೀತ ಇಲ್ಲಿರಲಿಲ್ಲ, ಇವರು ಸರಕಾರದ ರೈತರು. ಆದರೆ ಸ್ವೀಡನ್ ಮೇಲಿನ ಯುದ್ಧಕ್ಕೆ ತೋಪು ಬೇಕೆಂದು ಪೀಟರ್ 1703ರಲ್ಲಿ ಓನೆಗಾ ದಂಡೆಯಲ್ಲಿ ಕಬ್ಬಿಣದ ಕಾರ್ಖಾನೆ ತೆರೆದ. ಅದರ ಸುತ್ತ ಬೆಳೆದ ಊರೇ ಪೆಟ್ರೊಜವೊದ್ಸ್ಕ್. ಸುತ್ತಲಿನ ಹಳ್ಳಿಗಳನ್ನು ಅದರ ಲೆಕ್ಕಕ್ಕೆ ಬರೆದುಬಿಟ್ಟರು. ಸ್ವಂತ ಹೊಲದ ಕೆಲಸ ಬಿಟ್ಟು ಸೌದೆ ಕಡಿ, ಇದ್ದಿಲು ಸುಡು, ಅದಿರು ಹೇರು. 1769ರಲ್ಲಿ ಇನ್ನೂ ಎರಡು ಹೊರೆ ಬಂದವು: ಲಿಝ್ಮಾದಲ್ಲಿ ಹೊಸ ಕಾರ್ಖಾನೆ ಕಟ್ಟಬೇಕು, ತಿವ್ದಿಯಾ ಗಣಿಯಲ್ಲಿ ರಾಜಧಾನಿಯ ಕಟ್ಟಡಗಳಿಗೆ ಅಮೃತಶಿಲೆ ಒಡೆಯಬೇಕು. ರೈತರು ಒಲ್ಲೆವೆಂದರು. ಅರ್ಜಿ ಹಿಡಿದು ಪೀಟರ್ಸ್‌ಬರ್ಗಿಗೆ ಹೋದವರನ್ನು ಹಿಡಿದು ಹೊಡೆದು ಕಳಿಸಿದರು. ಕ್ಲಿಮೆಂತ್ ಸೊಬೊಲೆವ್ ಎಂಬ ರೈತನ ಮುಂದಾಳತ್ವದಲ್ಲಿ ದಂಗೆ ಎರಡು ವರ್ಷ ನಡೆಯಿತು. 1771ರ ಬೇಸಿಗೆಯಲ್ಲಿ ಕಿಝಿಯ ಚರ್ಚಿನ ಬಳಿ ಎರಡು ಸಾವಿರಕ್ಕೂ ಹೆಚ್ಚು ಜನ ಸೇರಿದ್ದಾಗ ಉರುಸೊವ್ ಎಂಬ ಸೇನಾಧಿಕಾರಿ ತೋಪು ಹಾರಿಸಿದ. ಸೊಬೊಲೆವನನ್ನೂ ಅವನ ಸಂಗಡಿಗರನ್ನೂ ಚಾವಟಿಯಿಂದ ಹೊಡೆದು ಸೈಬೀರಿಯಕ್ಕೆ ಅಟ್ಟಿದರು.

ಚರ್ಚಿನ ಅಂಗಳದಲ್ಲೇ ಇದು ನಡೆದದ್ದು ಸಹಜ. ಚರ್ಚು ಅವರಿಗೆ ದೇವಸ್ಥಾನವೂ ಹೌದು, ಚಾವಡಿಯೂ ಹೌದು. ಕಂದಾಯದ ಲೆಕ್ಕ, ವ್ಯಾಜ್ಯ, ಸರಕಾರಿ ಹುಕುಮು ಓದುವುದು ಎಲ್ಲ ಅಲ್ಲೇ. ಬೆಚ್ಚಗೆ ಮಾಡಲಾಗದ 22 ಗುಮ್ಮಟದ ಚರ್ಚು ಬೇಸಿಗೆಯ ಪೂಜೆಗೆ, ಪಕ್ಕದ ಒಂಬತ್ತು ಗುಮ್ಮಟದ ಪೊಕ್ರೋವ್ ಚರ್ಚು ಚಳಿಗಾಲಕ್ಕೆ.

ಈ ಜನರ ಬಾಯಲ್ಲಿ ಏನಿತ್ತೆಂದು ಹೊರಜಗತ್ತಿಗೆ ತಿಳಿದದ್ದು ಇನ್ನೊಂದು ಗಡೀಪಾರಿನಿಂದ. ರಾಜದ್ರೋಹದ ಶಂಕೆಯ ಮೇಲೆ ಪೆಟ್ರೊಜವೊದ್ಸ್ಕ್‌ಗೆ ಅಟ್ಟಿಸಿಕೊಂಡು ಬಂದ ಪಾವೆಲ್ ರಿಬ್ನಿಕೊವ್ ಎಂಬ ಯುವಕ ಅಲ್ಲೇ ಸರಕಾರಿ ಕೆಲಸಕ್ಕೆ ಸೇರಿದ್ದ. 1860ರಲ್ಲಿ ಓನೆಗಾದ ಬಿರುಗಾಳಿಗೆ ಸಿಕ್ಕಿ ಒಂದು ದ್ವೀಪದಲ್ಲಿ ರಾತ್ರಿ ಉಳಿದ. ಬೆಂಕಿಯ ಪಕ್ಕ ಮಲಗಿದ್ದವನಿಗೆ ವಿಚಿತ್ರ ಧಾಟಿಯ ಹಾಡು ಕೇಳಿ ಎಚ್ಚರವಾಯಿತು. ಕಿಝಿ ಕಡೆಯ ಮುದುಕನೊಬ್ಬ ಹಳೆಯ ಕಥನಗೀತೆ ಹಾಡುತ್ತಿದ್ದ. ಕೀವ್‌ನ ದೊರೆಗಳ, ಬಲಶಾಲಿ ವೀರರ ಕಥೆ ಹೇಳುವ, ಸತ್ತೇ ಹೋಗಿವೆ ಎಂದು ಪಂಡಿತರು ಬಗೆದಿದ್ದ ‘ಬಿಲಿನಾ’ಗಳ ಪರಂಪರೆ ಅದು. ಕೀವ್‌ನಿಂದ ಇಷ್ಟು ದೂರದಲ್ಲಿ, ಬಲೆ ಹೆಣೆಯುವ ಚಳಿಗಾಲದ ಸಂಜೆಗಳಲ್ಲಿ, ಆ ಗೀತೆಗಳು ನೂರಾರು ವರ್ಷ ಉಳಿದುಬಂದಿದ್ದವು. ರಿಬ್ನಿಕೊವ್ ಅವನ್ನು ನಾಲ್ಕು ಸಂಪುಟಗಳಲ್ಲಿ ಅಚ್ಚುಹಾಕಿದ. 1871ರಲ್ಲಿ ಬಂದ ವಿದ್ವಾಂಸ ಹಿಲ್ಫರ್ಡಿಂಗ್ ಎರಡೇ ತಿಂಗಳಲ್ಲಿ 318 ಪಾಠಗಳನ್ನು ಬರೆದುಕೊಂಡ. ಮರುವರ್ಷ ಮತ್ತೆ ಹೊರಟು, ಕಾರ್ಗೊಪೊಲ್‌ನಲ್ಲಿ ಜ್ವರಕ್ಕೆ ತುತ್ತಾದ. ಕಿಝಿ ಕಡೆಯ ಗಾಯಕ ತ್ರೊಫಿಮ್ ರ್ಯಾಬಿನಿನ್ ಪೀಟರ್ಸ್‌ಬರ್ಗಿನಲ್ಲಿ ಹಾಡಿದಾಗ ಸಂಗೀತಕಾರ ಮುಸೋರ್ಗ್ಸ್ಕಿ ಕೂತು ಕೇಳಿದ. ಅದೇ ಸೀಮೆಯ ಇರೀನಾ ಫೆದೊಸೊವಾ ಸಾವಿನ ಮನೆಯಲ್ಲಿ, ಮದುವೆಯ ಮನೆಯಲ್ಲಿ ಶೋಕಗೀತೆ ಹಾಡುವವಳು. ಅಕ್ಷರ ಬಾರದ ಆ ಮುದುಕಿಯ ಹಾಡನ್ನು 1896ರಲ್ಲಿ ನಿಜ್ನಿ ನೊವ್ಗೊರೊದ್‌ನ ವಸ್ತುಪ್ರದರ್ಶನದಲ್ಲಿ ಕೇಳಿದ ಗೋರ್ಕಿ ಬೆರಗಾಗಿ ಪತ್ರಿಕೆಗೆ ಬರೆದ.

ಪೀಟರ್ಸ್‌ಬರ್ಗ್ ಈ ಹಳ್ಳಿಗಳಿಂದ ಕಿತ್ತುಕೊಂಡದ್ದು ಎಷ್ಟೋ, ಕೊಟ್ಟದ್ದೂ ಉಂಟು. ಬೇಸಾಯದಿಂದ ಹೊಟ್ಟೆ ತುಂಬದ ಗಂಡಸರು ವರ್ಷದಲ್ಲಿ ಕೆಲವು ತಿಂಗಳು ಅಲ್ಲಿಗೆ ಬಡಗಿ ಕೆಲಸಕ್ಕೆ ಹೋಗುತ್ತಿದ್ದರು. ಅರಮನೆಗಳ ಕಿಟಕಿಯ ಸುರುಳಿಗಳನ್ನು ಕಣ್ಣಲ್ಲಿ ತುಂಬಿಕೊಂಡು ಬಂದು ಊರಿನ ಮನೆಯ ಚೌಕಟ್ಟಿನಲ್ಲಿ ಮರದಲ್ಲಿ ಕಡೆದರು. ಒಶೆವ್ನೆವ್ ಮನೆಯ ಕೆತ್ತನೆಯ ಬಾಲ್ಕನಿಯೂ ಹಾಗೇ ಬಂದದ್ದು. ಕ್ಯಾಲೆಂಡರುಗಳಲ್ಲಿ ಅಚ್ಚಾಗುವ, ಲೇಸಿನಂಥ ಕಿಟಕಿ ಅಂಚುಗಳನ್ನು ಸನಾತನ ರಷ್ಯದ ಗುರುತೆಂದು ತೋರಿಸುತ್ತಾರಲ್ಲ, ಅವುಗಳಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದಲ್ಲಿ ತೆಳು ಗರಗಸ ಹಳ್ಳಿಗೆ ಬಂದ ಮೇಲಿನವು.

ಇಪ್ಪತ್ತನೆಯ ಶತಮಾನ ಈ ಬದುಕನ್ನು ಮೂರು ಸಲ ಹೊಡೆಯಿತು. 1930ರ ಸುಮಾರಿಗೆ ಸಾಮೂಹಿಕ ಬೇಸಾಯ ಬಂದಾಗ, ದೊಡ್ಡ ಮನೆ ಇದ್ದವನೇ ‘ಕುಲಕ್’, ಅಂದರೆ ಶೋಷಕ ಸಿರಿವಂತ ರೈತ, ಎಂದಾಯಿತು. ಕುದುರೆ ಹೋಯಿತು, ಹೊಲ ಹೋಯಿತು, ಎಷ್ಟೋ ಕಡೆ ಮನೆಯೂ. ಕಿಝಿಯಲ್ಲಿ 1937ಕ್ಕೆ ಪೂಜೆ ನಿಂತಿತು. ಆಮೇಲೆ ಯುದ್ಧ, 1941ರಿಂದ 1944ರವರೆಗೆ ಫಿನ್ಲೆಂಡಿನ ಸೇನೆ ಈ ಸೀಮೆಯಲ್ಲಿತ್ತು. ಆ ಸೇನೆಯ ಜೊತೆ ಬಂದ ಲಾರ್ಸ್ ಪೆಟರ್ಸನ್ ಎಂಬ ತರುಣ ವಾಸ್ತುತಜ್ಞ ಯುದ್ಧದ ನಡುವೆಯೇ ಇಲ್ಲಿನ ಚರ್ಚುಗಳ ಅಳತೆ ತೆಗೆದ, ಫೋಟೊ ತೆಗೆದ. ಆಮೇಲೆ ಬಿದ್ದುಹೋದ ಎಷ್ಟೋ ಕಟ್ಟಡಗಳು ಈಗ ಅವನ ಕಾಗದಗಳಲ್ಲಿ ಮಾತ್ರ ಇವೆ. ಮೂರನೆಯ ಹೊಡೆತ ಕಚೇರಿಯ ಮೇಜಿನಿಂದ ಬಂತು. ಅರುವತ್ತು ಎಪ್ಪತ್ತರ ದಶಕಗಳಲ್ಲಿ ಯೋಜನಾ ಅಧಿಕಾರಿಗಳು ಸಣ್ಣ ಹಳ್ಳಿಗಳಿಗೆ ‘ಭವಿಷ್ಯವಿಲ್ಲದ ಊರು’ ಎಂದು ಮೊಹರು ಒತ್ತಿದರು. ಶಾಲೆ ಮುಚ್ಚಿತು, ಅಂಗಡಿ ಮುಚ್ಚಿತು, ದೋಣಿ ನಿಂತಿತು, ಜನ ತಾವಾಗಿಯೇ ಹೊರಟರು. 1959ರಲ್ಲಿ ರಷ್ಯನ್ ಗಣರಾಜ್ಯದಲ್ಲಿ ಸುಮಾರು 2.94 ಲಕ್ಷ ಹಳ್ಳಿಗಳಿದ್ದವು, 1989ಕ್ಕೆ ಉಳಿದದ್ದು ಸುಮಾರು 1.53 ಲಕ್ಷ. 2010ರ ಜನಗಣತಿಯಲ್ಲಿ, ಹೆಸರಿದ್ದೂ ಒಬ್ಬರೂ ವಾಸವಿಲ್ಲದ ಊರುಗಳೇ 19 ಸಾವಿರಕ್ಕೂ ಹೆಚ್ಚು. ಫ್ಯೋದರ್ ಅಬ್ರಾಮೊವ್, ವಾಸಿಲಿ ಬೆಲೊವ್, ವಲೆಂತಿನ್ ರಸ್ಪೂತಿನ್ ಮುಂತಾದವರ ‘ಹಳ್ಳಿಯ ಸಾಹಿತ್ಯ’ ಹುಟ್ಟಿದ್ದು ಇದೇ ಸಂಕಟದಿಂದ.

ಮನೆಗಳು ಖಾಲಿಯಾಗುತ್ತಿದ್ದ ಹೊತ್ತಿಗೇ ಅವುಗಳಲ್ಲಿ ಒಂದಿಷ್ಟನ್ನು ಮ್ಯೂಸಿಯಮ್ಮಿಗೆ ಸಾಗಿಸುವ ಕೆಲಸವೂ ಶುರುವಾಗಿತ್ತು. ಕಿಝಿಯಲ್ಲಿ ಅದರ ಮುಖ್ಯ ವ್ಯಕ್ತಿ ವಾಸ್ತುಶಿಲ್ಪಿ ಅಲೆಕ್ಸಾಂದರ್ ಒಪೊಲೊವ್ನಿಕೊವ್. ಒಶೆವ್ನೆವ್ ಮನೆಯನ್ನು 1951ರಲ್ಲಿ ಬಿಚ್ಚಿ ತಂದು ಇಲ್ಲಿ ಜೋಡಿಸಿದವನು ಅವನೇ. ಹದಿನಾಲ್ಕನೆಯ ಶತಮಾನದ್ದೆಂದು ಪ್ರತೀತಿ ಇರುವ ಲಾಜರನ ಪುಟ್ಟ ಚರ್ಚೂ ಓನೆಗಾದ ಆಚೆ ದಡದಿಂದ ಹೀಗೇ ಬಂತು. 1966ರಲ್ಲಿ ದ್ವೀಪ ಅಧಿಕೃತವಾಗಿ ಮ್ಯೂಸಿಯಮ್ ಆಯಿತು, 1990ರಲ್ಲಿ ಅಲ್ಲಿನ ಚರ್ಚುಗಳ ಸಮೂಹ ಯುನೆಸ್ಕೊ ಪಟ್ಟಿಗೆ ಸೇರಿತು. ದೊಡ್ಡ ಚರ್ಚಿನ ವಿಷಯದಲ್ಲಿ ಒಪೊಲೊವ್ನಿಕೊವ್ ಮಾಡಿದ್ದು ಇವತ್ತಿಗೂ ಚರ್ಚೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಊರವರು ಚರ್ಚಿನ ದಿಮ್ಮಿಗಳ ಮೇಲೆ ಹಲಗೆ ಹೊದಿಸಿ ಬಿಳಿ ಬಣ್ಣ ಬಳಿದು, ಗುಮ್ಮಟಗಳಿಗೆ ತಗಡು ಹಾಕಿಸಿದ್ದರು. ಐವತ್ತರ ದಶಕದಲ್ಲಿ ಅವನು ಅದನ್ನೆಲ್ಲ ಕಿತ್ತು, ದಿಮ್ಮಿಗಳನ್ನು ಬಯಲಿಗೆ ತಂದು, ಆಸ್ಪನ್ ಹೆಂಚು ಹೊದಿಸಿದ. ಜಗತ್ತಿಗೆ ಗೊತ್ತಿರುವ ಕಿಝಿಯ ರೂಪ ಅವನು ಕೊಟ್ಟದ್ದು. ಅದು ಅಪೂರ್ವ ಸೌಂದರ್ಯ, ಅನುಮಾನವಿಲ್ಲ. ಆದರೆ ಹಲಗೆ ಹೊದಿಕೆ ಕಿತ್ತಮೇಲೆ ದಿಮ್ಮಿಗಳು ಮಳೆಗಾಳಿಗೆ ನೇರ ಸಿಕ್ಕಿ ಕೊಳೆಯುವುದು ಹೆಚ್ಚಿತೆಂಬ ಆಕ್ಷೇಪಕ್ಕೆ ತಕ್ಕ ಉತ್ತರ ಅವನ ಕಡೆಯವರಿಂದ ಬಂದಿಲ್ಲ. ಇನ್ನೊಂದು ಮಾತು, ಬಿಳಿ ಬಣ್ಣ ಬಳಿದ ರೈತರಿಗೆ ಅಭಿರುಚಿ ಇರಲಿಲ್ಲವೆಂದು ತೀರ್ಮಾನಿಸುವ ಹಕ್ಕು ವಾಸ್ತುಶಿಲ್ಪಿಗೆ ಎಲ್ಲಿಂದ ಬಂತು? ತಮ್ಮ ಚರ್ಚು ರಾಜಧಾನಿಯ ಕಲ್ಲಿನ ಚರ್ಚಿನಂತೆ ಕಾಣಲಿ ಎಂದು ದುಡ್ಡು ಕೂಡಿಸಿದ್ದು ಅವರೇ, ಅದರ ನೆತ್ತಿಯನ್ನು ತಲೆಮಾರಿಗೊಮ್ಮೆ ಏರಿ ರಿಪೇರಿ ಮಾಡಿದ್ದೂ ಅವರೇ.

1980ರ ಹೊತ್ತಿಗೆ ಚರ್ಚು ವಾಲಿತ್ತು. ಒಳಗಿನ ಐಕಾನು, ನೆಲ ಎಲ್ಲ ತೆಗೆದು, ಕುಸಿಯದಂತೆ ಕಬ್ಬಿಣದ ಹಂದರ ನಿಲ್ಲಿಸಿದರು. ಮುಂದೇನು ಎಂಬ ಜಗಳ ಮೂವತ್ತು ವರ್ಷದ ಹತ್ತಿರ ನಡೆಯಿತು. ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದರೆ ಅದು ಹಳೆಯ ಚರ್ಚಲ್ಲ, ಬಿಚ್ಚದೆ ದುರಸ್ತಿ ಸಾಧ್ಯವಿಲ್ಲ. ಕೊನೆಗೆ ಹೊಳೆದ ದಾರಿ ಹಳ್ಳಿಯ ಬಡಗಿಗೆ ಮೊದಲಿಂದ ಗೊತ್ತಿದ್ದದ್ದೇ. ಇಝ್ಬಾದ ಕೆಳಗಿನ ಸುತ್ತು ಕೊಳೆತರೆ ಅವನು ಮನೆಯನ್ನು ಸನ್ನೆಗೋಲಿನಿಂದ ಎತ್ತಿ, ಆ ಸುತ್ತನ್ನಷ್ಟೇ ಬದಲಿಸುತ್ತಿದ್ದ. ಚರ್ಚಿಗೆ ಸನ್ನೆಗೋಲಿನ ಬದಲು ಜಾಕ್. ಕಟ್ಟಡವನ್ನು ಅಡ್ಡಕ್ಕೆ ಏಳು ಪಟ್ಟಿಗಳಾಗಿ ವಿಂಗಡಿಸಿ, ಮೇಲಿನದನ್ನು ಕಬ್ಬಿಣದ ಹಂದರಕ್ಕೆ ನೇತುಹಾಕಿ, ಕೆಳಗಿನ ಪಟ್ಟಿಯನ್ನು ಬಿಚ್ಚಿ, ದ್ವೀಪದ ಕಾರ್ಯಾಗಾರಕ್ಕೆ ಒಯ್ದು, ಪ್ರತಿ ದಿಮ್ಮಿಯನ್ನೂ ಪರೀಕ್ಷಿಸಿ, ಕೊಳೆತಷ್ಟನ್ನೇ ಕೊರೆದು ಹೊಸ ಮರ ಕೂರಿಸಿ, ಜೋಡಿಸಿ ನೋಡಿ, ಮತ್ತೆ ತಂದು ಅದರ ಜಾಗಕ್ಕೆ ಇಟ್ಟರು. ಈ ಕೆಲಸ 2009ರ ಸುಮಾರಿಗೆ ಶುರುವಾಗಿ ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಹಳೆಯ ದಿಮ್ಮಿಗಳಲ್ಲಿ ಹೆಚ್ಚಿನವು ಉಳಿದವು. 2020ರ ಹೊತ್ತಿಗೆ 102 ಐಕಾನುಗಳ ಗೋಡೆ ಒಳಗೆ ಮರಳಿತು. ಯುದ್ಧದ ಕಾಲದಲ್ಲಿ ಕಳೆದುಹೋದ ಸೂರಿನ ಚಿತ್ರಫಲಕಗಳು ಸಿಕ್ಕಿಲ್ಲ.

ಈ ಕೆಲಸ ಮುಗಿಯುತ್ತ ಬಂದಿದ್ದಾಗಲೇ, 2018ರ ಆಗಸ್ಟ್ 10ರಂದು, ಇದೇ ಓನೆಗಾ ದಂಡೆಯ ಕೊಂದೊಪೊಗಾದ ಉಸ್ಪೆನ್ಸ್ಕಾಯಾ ಚರ್ಚು ಸುಟ್ಟುಹೋಯಿತು. 1774ರಲ್ಲಿ ಕಟ್ಟಿದ್ದು, 42 ಮೀಟರ್ ಎತ್ತರ. ಗುಡಾರದಂಥ ಶಿಖರದ ಉತ್ತರದ ಚರ್ಚುಗಳಲ್ಲಿ ಅದರ ಸಮಕ್ಕೆ ಇನ್ನೊಂದಿರಲಿಲ್ಲ. 1771ರ ದಂಗೆಯಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದೆಂಬ ಮಾತೂ ಇತ್ತು. ಬೆಂಕಿ ಇಟ್ಟವನು ಹದಿನೈದು ವರ್ಷದ ಹುಡುಗ. ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿದಿತ್ತು.

ಅದನ್ನು ಮತ್ತೆ ಕಟ್ಟಬೇಕೆ, ಕಟ್ಟಿದರೆ ಅದನ್ನು ಏನೆಂದು ಕರೆಯುವುದು ಎಂಬ ವಾದ ಅಂದೇ ಎದ್ದಿತು. ಹಿಂದೆ ಇಂಥದ್ದು ಆಗಿದೆ. ವಿಟೆಗ್ರಾ ಬಳಿ 1708ರಲ್ಲಿ ಎದ್ದಿದ್ದ, ಕಿಝಿಗೆ ಅಕ್ಕನಂತಿದ್ದ ಬಹುಗುಮ್ಮಟದ ಚರ್ಚು 1963ರಲ್ಲಿ ಬೆಂಕಿಗೆ ಹೋಗಿತ್ತು. ಸುಡುವ ಕೆಲವು ವರ್ಷ ಮುಂಚೆ ಒಪೊಲೊವ್ನಿಕೊವ್ ಅದರ ಅಳತೆ ತೆಗೆದಿಟ್ಟಿದ್ದ. ಆ ನಕ್ಷೆಗಳನ್ನು ಹಿಡಿದು ಈ ಶತಮಾನದ ಮೊದಲ ದಶಕದಲ್ಲಿ ಅದನ್ನು ಹೊಸ ಪೈನ್ ದಿಮ್ಮಿಗಳಿಂದ ಎತ್ತಿದರು. ಎತ್ತಿದ್ದು ವಿಟೆಗ್ರಾದಲ್ಲಲ್ಲ, ನೂರಾರು ಕಿಲೋಮೀಟರ್ ದೂರದಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನ ಹೊರವಲಯದ ಉದ್ಯಾನವೊಂದರಲ್ಲಿ.